ಗೋಡೆಗೆ ಒರಗಿದ ಸೈಕಲ್ಲು

"ಕೊನೇ ಸ್ಟೇಷನ್ನಿಗೆ," ಎಂದುಬಿಟ್ಟ ಫೋಲ್ಕರ್.

ಅವನು ಇಳಿಯಬೇಕಾದದ್ದು ಹೆಮ್ಮೋರಿನಲ್ಲಿ, ಕೊನೆಗಿಂತ ನಾಲ್ಕು ಸ್ಟೇಷನ್ ಮೊದಲು. ಆದರೆ ಎದುರಿಗೆ ನಿಂತವಳು ಎಪ್ಪತ್ತು ದಾಟಿದ ಹೆಂಗಸು, ಮೈಮೇಲೆ ಕಿತ್ತಳೆ ಬಣ್ಣದ ಜಾಕೀಟು, ಕೊರಳಲ್ಲಿ ಸೀಟಿ ಬೇರೆ. "ಎಲ್ಲಿ ಇಳೀತೀರಿ?" ಎಂದು ಅವಳು ಕೇಳಿದ ಧಾಟಿಗೇ ಅವನೊಳಗೆ ಏನೋ ಸೆಟೆದುಕೊಂಡಿತು. ಹೆಮ್ಮೋರ್ ಎಂದರೆ, ಅಲ್ಲಿ ಯಾರಿದ್ದಾರೆ ಎನ್ನುತ್ತಾಳೆ. ಅಲ್ಲಿ ಮಗಳಿದ್ದಾಳೆ, ಮಗಳ ತಾಯಿಯಿದ್ದಾಳೆ, ತಾಯಿಯ ಹೊಸ ಗಂಡನಿದ್ದಾನೆ. ಭಾನುವಾರ ಬೆಳಿಗ್ಗೆ ಇದನ್ನೆಲ್ಲ ರೈಲಿನಲ್ಲಿ ಯಾರ ಮುಂದೆ ಹರಡುವುದು?

"ಒಳ್ಳೇದಾಯ್ತು. ಹಾಗಾದ್ರೆ ನಿಮ್ದು ಗೋಡೆಗೆ," ಎಂದಳು ಎಲ್ಫ್ರೀಡೆ ಎಂಬ ಆ ಹೆಂಗಸು.

ಕೊನೆಗೆ ಇಳಿಯುವವನ ಸೈಕಲ್ಲು ಗೋಡೆಗೆ, ಮೊದಲು ಇಳಿಯುವವನದು ಈಚೆಗೆ. ಈ ಕಡೆಯ ರೈಲುಗಳಲ್ಲಿ ಇದು ಹಾಲು ಕುಡಿಯುವಾಗಲೇ ಕಲಿತ ವಿದ್ಯೆ. ಹಾಂಬುರ್ಗಿನಲ್ಲಿ ಗಾಡಿ ಬಿಡುವುದರೊಳಗೆ ಅವಳ ನಿವೃತ್ತರ ಸಂಘದ ಎಂಟು ಸೈಕಲ್ಲುಗಳು ಫೋಲ್ಕರನ ಸೈಕಲ್ಲಿನ ಮೇಲೆ ಒಂದರ ಮೇಲೊಂದು ಒರಗಿದವು. ಅವರೆಲ್ಲ ಹೊರಟಿದ್ದು ಓಟರ್ನ್‌ಡಾರ್ಫಿಗೆ, ಕೊನೆಯದಕ್ಕಿಂತ ಒಂದೇ ಸ್ಟೇಷನ್ ಹಿಂದೆ. ಎಲ್ಫ್ರೀಡೆ ಬೆಲ್ಟು ಬಿಗಿದು, ಕೈ ಕೊಡವಿಕೊಂಡು ಕೂತಳು.

ಆಮೇಲೆ ಹೇಳಿದರಾಯಿತು ಎಂದುಕೊಂಡ ಫೋಲ್ಕರ್.

ಸೈಕಲ್ಲುಗಳ ಮೇಲ್ಗಡೆ ಒಂದು ನೀಲಿ ಫಲಕವಿತ್ತು: 'ಎಲ್ಲಿ ಇಳಿಯುತ್ತೀರೆಂದು ಪರಸ್ಪರ ಕೇಳಿಕೊಳ್ಳಿ. ಮಾತಾಡಿದರೆ ದಾರಿ ಸುಗಮ.' ಅದನ್ನು ಬರೆದವನು ಅವನೇ. ಸಾರಿಗೆ ಕಚೇರಿಗೆ ಸೂಚನೆಗಳನ್ನು ಬರೆದುಕೊಡುವುದು ಅವನ ಉದ್ಯೋಗ. ಅದಕ್ಕೆ ಮೊದಲು ಸಾರ್ವಜನಿಕ ಸ್ಥಳಗಳಲ್ಲಿ ಅಪರಿಚಿತರ ಸಂವಾದದ ಬಗ್ಗೆ ಡಾಕ್ಟರೇಟು. ಆ ಎರಡು ವಾಕ್ಯಗಳಿಗಾಗಿ ಹನ್ನೊಂದು ಸಭೆ ನಡೆದಿದ್ದವು. 'ಸುಗಮ'ವೋ 'ಸಲೀಸೋ' ಎಂಬುದಕ್ಕೇ ಮೂರು.

ಮಗಳು ಯೆಟ್ಟೆಗೆ ಹನ್ನೊಂದು ವರ್ಷ. ಮೂರು ಸಲ ಬರುತ್ತೇನೆಂದು ಅವನು ಕೈಕೊಟ್ಟ ಮೇಲೆ, ಅವಳೇ ಫೋನಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು: "ಸೈಕಲ್ ತರೋದಾದ್ರೆ ಬಾ ಪಪ್ಪಾ. ಇಲ್ಲಾಂದ್ರೆ ಬೇಡ. ಹೋದ್ಸಲ ಎರಡು ಗಂಟೆ ಐಸ್‌ಕ್ರೀಮ್ ಅಂಗಡೀಲಿ ಕೂರಿಸ್ಕೊಂಡು ಸ್ಕೂಲ್ ಹೇಗಿದೆ ಅಂತ ನಾಲ್ಕು ಸಲ ಕೇಳ್ದೆ."

ನದಿಯ ಏರಿಯ ಮೇಲೆ ಅಪ್ಪ, ಮಗಳು ಸೈಕಲ್ ಹೊಡೆಯಬೇಕು. ಅಷ್ಟೇ ಅವಳು ಕೇಳಿದ್ದು. ಸೈಕಲ್ ಹೊಡೆಯುವಾಗ ಮಾತು ಬೇಕಿಲ್ಲ ಎಂದು ಅವನಿಗೂ ಸಮಾಧಾನವಾಗಿತ್ತು. ಅದಕ್ಕೇ ಹೊಸದು ಕೊಂಡ. ಅಂಗಡಿಯಿಂದ ಮನೆಗೆ, ಮನೆಯಿಂದ ಸ್ಟೇಷನ್ನಿಗೆ ತಳ್ಳಿಕೊಂಡೇ ಬಂದಿದ್ದರಿಂದ ಟೈರಿನ ಮೇಲಿನ ಸಣ್ಣ ರಬ್ಬರ್ ರೋಮಗಳು ಇನ್ನೂ ಹಾಗೇ ಇದ್ದವು.

"ತಗೊಳ್ಳಿ ಸ್ವಾಮಿ," ಎಂದು ಪಕ್ಕದ ಮುದುಕ ಓನ್ನೋ ಬೇಯಿಸಿದ ಮೊಟ್ಟೆ ಚಾಚಿದ. "ಕೊನೇವರೆಗೂ ಹೋಗೋರು ನೀವು. ಹಸಿವಾಗುತ್ತೆ."

"ಇಲ್ಲ, ನಾನು..."

"ಸಂಕೋಚ ಯಾಕೆ? ನಮ್ಮನೇ ಕೋಳೀದು."

ಫೋಲ್ಕರ್ ಮೊಟ್ಟೆ ತಿಂದ. ಕೊನೆಯವರೆಗೆ ಹೋಗುವವನಿಗೆಂದು ಕೊಟ್ಟ ಮೊಟ್ಟೆ ತಿಂದ ಮೇಲೆ ಹೆಮ್ಮೋರ್ ಎನ್ನುವುದು ಇನ್ನಷ್ಟು ಕಷ್ಟವಾಯಿತು.

ಸ್ಟಾಡೆ ಬಂದಾಗ ಸಂಘಕ್ಕೆ ಸೇರದ ಹಳದಿ ಶರ್ಟಿನವನೊಬ್ಬ ತಲೆ ಕೆರೆದುಕೊಂಡು ಎದ್ದುನಿಂತ. ಅವನ ಸೈಕಲ್ಲು ಸಂಘದವರ ಎರಡು ಸೈಕಲ್ಲುಗಳ ಹಿಂದಿತ್ತು. ಹತ್ತುವಾಗ ಓಟರ್ನ್‌ಡಾರ್ಫ್ ಎಂದಿದ್ದವನು ಈಗ ಇಲ್ಲೇ ಇಳಿಯುತ್ತೇನೆ ಎಂದ.

"ಆಗ ಬಾಯಿಗೇನು ಬೀಗ ಹಾಕಿತ್ತಾ?" ಎಲ್ಫ್ರೀಡೆ ಎದ್ದೇಬಿಟ್ಟಳು. "ಇಷ್ಟುದ್ದ ಬೆಳೆದಿದೀರ, ಇಳಿಯೋ ಊರು ಹೇಳೋಕೆ ಬರಲ್ವಾ? ಗೋಡೆ ಮೇಲೆ ಬರೆದಿದಾರೆ, ಕಣ್ಣು ಕಾಣಲ್ವಾ?"

"ಹೋಗ್ಲಿ ಬಿಡೇ," ಎಂದ ಓನ್ನೋ. "ಊರು ತಾನೇ ಬದಲಾಯಿಸಿದ್ದು, ಹೆಂಡ್ತೀನಲ್ಲವಲ್ಲ."

ಎಲ್ಲರೂ ನಕ್ಕರು. ಫೋಲ್ಕರನೂ ನಕ್ಕ, ಸ್ವಲ್ಪ ಜಾಸ್ತಿಯೇ. ಎರಡು ಸೈಕಲ್ಲು ಎತ್ತಿಟ್ಟರು, ಹಳದಿ ಶರ್ಟಿನವನು ಬೈಸಿಕೊಂಡ, ಇಳಿದ, ಸೀಟಿ ಹಾಕುತ್ತ ಹೊರಟೇಹೋದ. ಆದದ್ದು ಅಷ್ಟೇ. ಫೋಲ್ಕರನ ತಲೆಯಲ್ಲಿ ಉಳಿದದ್ದು ಮಾತ್ರ ಬೈಗುಳ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಫೋಲ್ಕರನದು ಆಡದೆ ಕೆಟ್ಟ ಜಾತಿ. 'ಕ್ಷಮಿಸಿ, ನನ್ನಿಂದ ತಪ್ಪಾಗಿದೆ' ಎಂಬ ವಾಕ್ಯವನ್ನು ಅವನು ತಿದ್ದಿದ. 'ನನ್ನಿಂದ' ಬೇಡವೆನಿಸಿತು. 'ತಪ್ಪಾಗಿದೆ' ಎಂದರೆ ಯಾರಿಂದ ಎಂಬ ಪ್ರಶ್ನೆ ಏಳುತ್ತದೆ. 'ಒಂದು ಸಣ್ಣ ಬದಲಾವಣೆ' ಎಂಬಲ್ಲಿಗೆ ಬರುವಷ್ಟರಲ್ಲಿ ರೈಲು ನಿಧಾನವಾಯಿತು.

ಹೆಮ್ಮೋರ್.

ಪ್ಲಾಟ್‌ಫಾರ್ಮಿನಲ್ಲಿ ಯೆಟ್ಟೆ ಒಬ್ಬಳೇ ನಿಂತಿದ್ದಳು. ಆಗಲೇ ಹೆಲ್ಮೆಟ್ ಹಾಕಿಕೊಂಡು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಬಾಗಿಲಿಂದ ಬಾಗಿಲಿಗೆ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಎಷ್ಟು ಎತ್ತರವಾಗಿದ್ದಾಳೆ! ಅವನು ಎದ್ದು ನಿಂತ.

"ಕ್ಷಮಿಸಿ," ಎಂದ.

"ಟಾಯ್ಲೆಟ್ ಆ ಕಡೆ," ಎಂದಳು ಎಲ್ಫ್ರೀಡೆ, ಕಾಫಿ ಬಗ್ಗಿಸುತ್ತ.

ಬಾಗಿಲು ತೆರೆದಿತ್ತು. ಮನುಷ್ಯನೊಬ್ಬ ಇಳಿದುಹೋಗಲು ಬೇಕಾದಷ್ಟು ಜಾಗವಿತ್ತು. ಆದರೆ ಸೈಕಲ್ಲಿಲ್ಲದೆ ಇಳಿದರೆ? ಬರಿಗೈಲಿ ಬಂದೆಯಾ ಎನ್ನುವುದಿಲ್ಲವೇ ಅವಳು? ಅಥವಾ ಏನೂ ಅನ್ನದೆಯೂ ಇರಬಹುದು, ಹನ್ನೊಂದರ ಮಕ್ಕಳು ಅಷ್ಟು ಕೆಟ್ಟವರಲ್ಲ. ಎರಡೂ ಮಗ್ಗುಲನ್ನು ಅವನು ವಿದ್ವಾಂಸನಿಗೆ ತಕ್ಕಂತೆ ತೂಗಿ ನೋಡಿದ. ತೂಗಿ ಮುಗಿಯುವಷ್ಟರಲ್ಲಿ ಬಾಗಿಲು ಕುಂಯ್ಗುಟ್ಟಿ ಮುಚ್ಚಿಕೊಂಡಿತು.

ಆಗ ಯೆಟ್ಟೆ ಅವನನ್ನು ಕಿಟಕಿಯಲ್ಲಿ ಕಂಡಳು. ಏನು ಮಾಡಬೇಕೆಂದು ತಿಳಿಯದೆ ಅವನು ಕೈ ಬೀಸಿದ, ದಾರಿಯಲ್ಲಿ ಸಿಕ್ಕ ಯಾರದೋ ಮಗುವಿಗೆ ಬೀಸುವ ಹಾಗೆ. ಅವಳೂ ಒಂದು ಕ್ಷಣ ತಡೆದು, ಹ್ಯಾಂಡಲಿನಿಂದ ಕೈ ಬಿಡಿಸಿ ಬೀಸಿದಳು.

"ಗುರುತಿನ ಹುಡುಗೀನಾ?" ಓನ್ನೋ ಕೇಳಿದ.

"ಅಲ್ಲ," ಎಂದ ಫೋಲ್ಕರ್. "ಸುಮ್ನೆ."

"ಬೀಸ್ಬೇಕು. ಮಕ್ಕಳಿಗೆ ಖುಷಿಯಾಗುತ್ತೆ."

ಓಟರ್ನ್‌ಡಾರ್ಫಿನಲ್ಲಿ ಎಂಟೂ ಸೈಕಲ್ಲುಗಳು ನಲವತ್ತು ಸೆಕೆಂಡಿನಲ್ಲಿ ಇಳಿದವು. ದಾರಿ ತೆರೆದುಕೊಂಡಿತು. ಇಲ್ಲೇ ಇಳಿದರೆ ಹಿಂದಕ್ಕೆ ಹೋಗುವ ಗಾಡಿ ಸಿಗುತ್ತದೆ; ಸಾಯಂಕಾಲದವರೆಗೂ ನದಿ ಅಲ್ಲೇ ಇರುತ್ತದೆ. ಆದರೆ ಅವರೆಲ್ಲ ಪ್ಲಾಟ್‌ಫಾರ್ಮಿನಲ್ಲೇ ನಿಂತು ತಲೆ ಎಣಿಸುತ್ತಿದ್ದರು. ಎಲ್ಫ್ರೀಡೆ ಬಾಗಿಲಿನಿಂದ ಒಳಕ್ಕೆ ಬಗ್ಗಿ, "ನೋಡಿದ್ರಾ, ನಿಮ್ಮ ಸೈಕಲ್ ಒಂಚೂರೂ ಅಲುಗಾಡಿಲ್ಲ! ಎಲ್ಲರೂ ನಿಮ್ಮ ಹಾಗಿದ್ರೆ ಎಷ್ಟು ಚೆನ್ನ," ಎಂದಳು. ಹೊಗಳಿಸಿಕೊಂಡವನು ಈಗ ಹೇಗೆ ಇಳಿದಾನು? ಕೂತ.

ಕುಕ್ಸ್‌ಹಾಫನ್ನಿನಲ್ಲಿ ಹಳಿಗಳೇ ಮುಗಿದುಹೋಗುತ್ತವೆ. ಅಲ್ಲಿಂದಾಚೆ ಸಮುದ್ರ. ಎಲ್ಲರೂ ಇಳಿದುಹೋದರು. ಫೋಲ್ಕರ್ ಕೂತೇ ಇದ್ದ. ಇದೇ ಗಾಡಿ ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಹೊರಡುತ್ತದೆ, ಹೆಮ್ಮೋರಿನಲ್ಲಿ ನಿಲ್ಲುತ್ತದೆ. ಇದಕ್ಕಿಂತ ಅನುಕೂಲವೇನಿದೆ? ಬಾಗಿಲ ಹತ್ತಿರಕ್ಕೆ ಸೈಕಲ್ಲನ್ನು ಸರಿಸಿಟ್ಟುಕೊಳ್ಳಬೇಕು ಎಂದುಕೊಂಡ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು.

"ಪಪ್ಪಾ, ನಾನು ಇಲ್ಲೇ ಬೆಂಚಲ್ಲಿ ಕೂತಿದೀನಿ. ನೀನು ಎಲ್ಲಿ ಇಳೀತೀಯ?"

'ಹೆ' ಎಂದು ಬರೆದ. ಬರಿ ಊರಿನ ಹೆಸರು ಬರೆದರೆ ಒರಟಾಯಿತೇನೋ. ಮೊದಲು ಒಂದು ವಿವರಣೆ ಬೇಕು. 'ಹೆ' ಅಳಿಸಿದ.

ಕಾಲಿಗೆಲ್ಲ ಮರಳು ಮೆತ್ತಿಕೊಂಡ ಒಂದು ದೊಡ್ಡ ಸಂಸಾರ ಸೈಕಲ್ಲುಗಳ ಸಮೇತ ನುಗ್ಗಿತು. ಮುಂದಿದ್ದ ತಾಯಿ ಏದುಸಿರು ಬಿಡುತ್ತ ಕೇಳಿದಳು: "ನಮಸ್ಕಾರ. ನೀವೆಲ್ಲಿ ಇಳೀತೀರಿ?"

ಫೋಲ್ಕರ್ ಬಾಯಿ ತೆರೆದ. ಒಂದೇ ಪದ, ಮೂರಕ್ಷರ. ಅವಳು ಒಂದು ಗಳಿಗೆ ಕಾದಳು, ಗೋಡೆಗೆ ಒರಗಿದ ಸೈಕಲ್ಲನ್ನು ನೋಡಿದಳು.

"ಕೊನೆಗೆ ತಾನೇ? ಸರಿ ಬಿಡಿ," ಎಂದು ತನ್ನದನ್ನು ಅದರ ಮೇಲೆ ಒರಗಿಸಿದಳು. ಅದರ ಮೇಲೆ ಗಂಡನದು. ಅದರ ಮೇಲೆ ಮಕ್ಕಳವು, ಒಂದು, ಎರಡು, ಮೂರು. ಗಾಡಿ ಅಲುಗಿತು. ಎಲ್ಲಕ್ಕೂ ಹಿಂದೆ, ಕಡ್ಡಿಗಳ ಸಂದಿಯಲ್ಲಿ, ಅವನ ಮುಂದಿನ ಚಕ್ರದ ಒಂದು ತುಣುಕು ಕಾಣುತ್ತಿತ್ತು. ಟೈರಿನ ರೋಮಗಳು ಒಂದೂ ಸವೆದಿರಲಿಲ್ಲ.