ಶುಕ್ರವಾರದ ಸಿನಿಮಾ

"ಯಾವುದು ಬೇಕು ಹೇಳಿ ಅತ್ತಿಗೆ, ನಾಲ್ಕು ಸಿನಿಮಾ ತಂದಿದ್ದೇನೆ," ಎನ್ನುತ್ತ ಫೌಸ್ಟಿನ್ ವೀಡಿಯೊ ಕ್ಯಾಸೆಟ್‌ಗಳನ್ನು ಮಂಚದ ಮೇಲೆ ಸೆಲೀನಳ ಕಾಲ ಬುಡದಲ್ಲಿ ಒಂದೊಂದಾಗಿ ಇಟ್ಟ. "ಇದು ಫೈಟಿಂಗಿನದ್ದು. ಇದು ನಗುವಂಥದ್ದು, ಉಡುಪಿಯಲ್ಲಿ ಎರಡು ತಿಂಗಳು ಓಡಿದೆಯಂತೆ. ಇದು ಸಂಸಾರದ್ದು. ಇದು ಭೂತದ್ದು. ಅಲ್ಲ, ಭೂತದ್ದು ಬೇಡ, ಅದನ್ನು ಯಾಕೆ ತಂದೆನೋ."

ಊಟ ಮುಗಿಸಿ ಕಾಲು ಚಾಚಿದ್ದ ಸೆಲೀನ್ ಹೊಟ್ಟೆಗೆ ಕೈ ಆನಿಸಿ ಎದ್ದು ಕುಳಿತಳು. ಗಂಟೆ ಎರಡೂ ಆಗಿರಲಿಲ್ಲ. ಮಣಿಪಾಲದ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವ ಈ ಮೈದುನ ಇನ್ನಂಜೆಯ ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗುವುದು ವಾಡಿಕೆ.

"ಎಂತ ಫೌಸ್ಟಿನ್, ಇವತ್ತು ಕೆಲಸ ಇಲ್ವಾ?"

"ಮೆಷಿನ್ ಹಾಳಾಗಿದೆ. ಎಲ್ಲರನ್ನೂ ಬಿಟ್ಟರು." ಅವನು ಕ್ಯಾಸೆಟ್ಟಿನ ಮೇಲಿನ ಚಿತ್ರಕ್ಕೆ ಹೇಳುವವನಂತೆ ಹೇಳಿದ.

"ಹಾಳಾಗಲಿ. ಇವತ್ತು ಶುಕ್ರವಾರ ಮಾರಾಯ! ತಪಸ್ಸಿನ ಕಾಲದ ಶುಕ್ರವಾರ. ಮಾಯ್ ನೋಡಿದರೆ ನಿನ್ನ ಬೆನ್ನು ಮುರಿಯುತ್ತಾರೆ."

ಮನೆಯವರು ಮಾಯ್ ಎನ್ನುವ ಅತ್ತೆ ಬರ್ತಾ ಬಾಯಿಯ ವಿಷಯ ಊರಿಗೇ ಗೊತ್ತು. ಟೀವಿ ಮತ್ತು ವೀಸೀಆರ್ ಎರಡನ್ನೂ ಸೆಲೀನಳ ಗಂಡ ಬೆಂಜಮಿನ್ ಎರಡು ವರ್ಷದ ಹಿಂದೆ ಬಹರೈನಿನಿಂದ ರಜೆಗೆ ಬಂದಾಗ ಹೊತ್ತು ತಂದಿದ್ದ. ದೂರದರ್ಶನ ಇನ್ನೂ ಬಾರದ ಊರು ಅದು. ಟೀವಿ ಇದ್ದದ್ದು ಕ್ಯಾಸೆಟ್ ನೋಡಲಿಕ್ಕೆ ಮಾತ್ರ. ಮಗ ಕಷ್ಟಪಟ್ಟು ತಂದದ್ದು ಎಂಬ ಹೆಮ್ಮೆ ಬರ್ತಾ ಬಾಯಿಗೆ ಬೇಕಾದಷ್ಟಿತ್ತು. ಆದರೆ ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರ ಬಂತೆಂದರೆ ಆ ಹೆಮ್ಮೆಗೂ ರಜೆ. ಇಗರ್ಜಿಯಲ್ಲಿ ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚುವ ಹಾಗೆ ಆಕೆ ಟೀವಿಗೆ ನೇರಳೆ ಬೆಡ್‌ಶೀಟು ಹೊದೆಸಿ, ಹಿಂದಿನಿಂದ ಗಂಟು ಬಿಗಿದುಬಿಡುತ್ತಿದ್ದಳು. ಇಗರ್ಜಿಗಿಂತ ನಾಲ್ಕು ವಾರ ಮೊದಲೇ! ಈಸ್ಟರ್ ತನಕ ಮೀನಿಲ್ಲ, ಮಾಂಸವಿಲ್ಲ, ಸಿನಿಮಾದ ಸುದ್ದಿಯೇ ಇಲ್ಲ. ಫೌಸ್ಟಿನ್ ಒಮ್ಮೆ ಸ್ನಾನದ ಮನೆಯಲ್ಲಿ ಸಿನಿಮಾದ ಪದ ಗುನುಗಿದ್ದಕ್ಕೆ ಮೂರು ದಿನ ಮಾತು ಬಿಟ್ಟ ಹೆಂಗಸು.

ಆ ಹೆಂಗಸು ಈಗ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಮಂಚದ ಮೇಲಿನ ಕ್ಯಾಸೆಟ್‌ಗಳನ್ನು ನೋಡಿದಳು. ಸೆಲೀನ್ ಬೈಗುಳಕ್ಕೆ ಕಾದಳು.

"ನಿನಗೆ ಯಾವುದು ಇಷ್ಟವೋ ಅದನ್ನು ನೋಡು ಮಗಾ," ಎಂದಳು ಬರ್ತಾ ಬಾಯಿ.

ಹಾಗೆಂದವಳೇ ಟೀವಿಯ ಹಿಂದೆ ಹೋಗಿ ಬೆಡ್‌ಶೀಟಿನ ಗಂಟು ಬಿಚ್ಚತೊಡಗಿದಳು. ಬಿಚ್ಚಲಾಗಲಿಲ್ಲ. ಉಗುರಿನಿಂದ ಎಳೆದಳು, ಹಲ್ಲಿನಿಂದ ಕಚ್ಚಿದಳು. ಕೊನೆಗೆ ಫೌಸ್ಟಿನ್ ಬಂದು ತಾಯಿಯ ಕೈ ಮೆಲ್ಲನೆ ಸರಿಸಿ ತಾನೇ ಬಿಚ್ಚಿದ.

"ಪಾಪ ಅಲ್ವಾ ಮಾಯ್?" ಸೆಲೀನ್ ನಗಲು ನೋಡಿದಳು.

"ಮೈ ಭಾರದವರಿಗೆ ಮಾಫಿ ಉಂಟು. ಪಾದ್ರಿಗಳೇ ಹೇಳಿದ್ದಾರೆ. ಎಂತ ಪಾಪವೂ ಇಲ್ಲ."

ಸೆಲೀನಳಿಗೆ ಸಂತೋಷವಾಗಬೇಕಿತ್ತು. ಆರು ತಿಂಗಳು ತುಂಬುತ್ತಿತ್ತು. ಇದಕ್ಕೆ ಮೊದಲು ಎರಡು ಸಲ, ಒಮ್ಮೆ ಮೂರಕ್ಕೆ, ಇನ್ನೊಮ್ಮೆ ಐದಕ್ಕೆ, ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಈ ಸಲ ಬೀಪಿಯೂ ಸೇರಿಕೊಂಡಿದೆ, ಭಾರ ಎತ್ತಬಾರದು, ಮನಸ್ಸಿಗೆ ಏಟು ಬೀಳಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಬೆಂಜಮಿನ್ ಸೆಪ್ಟೆಂಬರಿನಲ್ಲಿ ಬಂದು ಹೋದದ್ದರ ಲೆಕ್ಕವನ್ನು ಬೆರಳಲ್ಲಿ ಎಣಿಸಿ, ಜೂನಿಗೆ ಪುನಃ ಬರುತ್ತೇನೆಂದು ಕಾಗದ ಬರೆದಿದ್ದ. ಎಲ್ಲ ಸರಿಯೇ. ಆದರೆ ಮದುವೆಯಾಗಿ ಬಂದ ಎಂಟು ವರ್ಷಗಳಲ್ಲಿ ಈ ಮನೆಯಲ್ಲಿ ಯಾರೂ ಅವಳನ್ನು 'ನಿನಗೆ ಯಾವುದು ಇಷ್ಟ' ಎಂದು ಕೇಳಿರಲಿಲ್ಲ. ತರುವ ಮೀನಿನಿಂದ ಹಿಡಿದು ಹೊಲಿಸುವ ರವಿಕೆಯ ಬಣ್ಣದ ತನಕ ಎಲ್ಲ ಬರ್ತಾ ಬಾಯಿಯದ್ದೇ. ಕೇಳಿದ್ದು ಇವತ್ತೇ ಮೊದಲು, ಅದೂ ಇಂಥ ದಿನ. ಅವಳಿಗೆ ಅದು ಹಿಡಿಸಲಿಲ್ಲ.

ಹೊರಗೆ ಚಪ್ಪಲಿ ಕಳಚುವ ಸದ್ದಾಯಿತು. ಪಕ್ಕದ ಮನೆಯ ಗ್ಲ್ಯಾಡಿಸ್. ಮಣಿಪಾಲದಲ್ಲಿ ನರ್ಸು. ಕೈಯಲ್ಲಿ ಬೀಪಿ ನೋಡುವ ಪೆಟ್ಟಿಗೆ.

"ಓ, ಸಿನಿಮಾ ಉಂಟಾ? ನಾನೂ ಬಂದೆ," ಎಂದು ಅವಳು ಸೆಲೀನಳ ಪಕ್ಕದಲ್ಲೇ ಕುಳಿತು ತೋಳಿಗೆ ಪಟ್ಟಿ ಸುತ್ತಿದಳು. "ಸುಮ್ಮನೆ ಒಮ್ಮೆ ನೋಡುವ."

"ನಿನಗೆ ಡ್ಯೂಟಿ ಇತ್ತಲ್ಲ?"

"ಬದಲಿ ಮಾಡಿಕೊಂಡೆ."

"ಅವನಿಗೆ ಮೆಷಿನ್ ಹಾಳು, ನಿನಗೆ ಬದಲಿ ಡ್ಯೂಟಿ," ಎಂದಳು ಸೆಲೀನ್. ಯಾರೂ ನಗಲಿಲ್ಲ. ಗ್ಲ್ಯಾಡಿಸ್ ಪಾದರಸದ ಗೆರೆಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ "ಸೆಲೀನಕ್ಕಾ" ಎಂದು ಕೂಗಿದರು. ಗದ್ದೆಯಾಚೆಯ ಮನೆಯ ಬೇಬಿ. ಮಟ್ಟುವಿನ ತವರಿನಿಂದ ತಂದ ಗುಳ್ಳ ಬದನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಫೌಸ್ಟಿನ್ ಬರಿಗಾಲಲ್ಲೇ ಓಡಿದ. ಕಿಟಕಿಯಿಂದ ಸೆಲೀನಳಿಗೆ ಕಂಡಿತು: ಅವನು ತಗ್ಗಿದ ದನಿಯಲ್ಲಿ ಏನೋ ಹೇಳಿದ, ಬೇಬಿಯ ಕೈ ಬಾಯಿಗೆ ಹೋಯಿತು, ಸೆರಗಿನ ಬದನೆಕಾಯಿಗಳೆಲ್ಲ ಅಂಗಳದಲ್ಲಿ ಉರುಳಿದವು. ಅವುಗಳನ್ನು ಹೆಕ್ಕಲೂ ನಿಲ್ಲದೆ ಅವಳು ಬಂದ ದಾರಿಯಲ್ಲೇ ತಿರುಗಿ ಹೋದಳು.

"ಬೇಬಿ ಯಾಕೆ ಹೋದಳು?"

"ನೀವು ಮಲಗಿದ್ದೀರಿ ಎಂದೆ," ಎಂದ ಫೌಸ್ಟಿನ್. ಬಾಗಿಲನ್ನು ಒಳಗಿನಿಂದ ಹಾಕಿಕೊಂಡ. "ಬೇಗ ಹೇಳಿ ಅತ್ತಿಗೆ, ಯಾವುದನ್ನು ಹಾಕಲಿ? ನಗುವಂಥದ್ದು ಹಾಕುವನಾ?"

ಪ್ರೆಸ್ಸಿನಲ್ಲಿ ಟೆಲಿಫೋನ್ ಉಂಟು ಎಂಬುದು ಸೆಲೀನಳಿಗೆ ನೆನಪಾಯಿತು. ಏನಾದರೂ ಅರ್ಜೆಂಟ್ ಆದರೆ ಅಲ್ಲಿಗೆ ಫೋನ್ ಮಾಡುತ್ತೇನೆಂದು ಆ ನಂಬರನ್ನು ಬೆಂಜಮಿನ್ ಬರೆದುಕೊಂಡು ಹೋಗಿದ್ದ. ಛೆ, ಬಸುರಿಯ ತಲೆಗೆ ಬರುವ ಯೋಚನೆಗಳೇ ಹಾಗೆ ಎಂದು ತನ್ನನ್ನೇ ಗದರಿಕೊಂಡಳು. ಅತ್ತೆಯನ್ನು ಒಮ್ಮೆ ಖುಷಿಪಡಿಸಿದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಅನ್ನಿಸಿತು.

"ಇವು ಯಾವುವೂ ಬೇಡ," ಎಂದಳು. "ಯೇಸುವಿನ ಸಿನಿಮಾ ಹಾಕು. ಶುಕ್ರವಾರದ್ದು ಅದೇ ಅಲ್ವಾ?"

ತಪಸ್ಸಿನ ಕಾಲದಲ್ಲಿ ನೇರಳೆ ಬೆಡ್‌ಶೀಟು ಬಿಚ್ಚುವುದಿದ್ದರೆ ಅದೊಂದಕ್ಕೆ ಮಾತ್ರ. ಬೆಂಜಮಿನ್‌ನೇ ತಂದ ಕ್ಯಾಸೆಟ್ಟು, ಕಪಾಟಿನಲ್ಲಿ ಪ್ರಾರ್ಥನೆಯ ಪುಸ್ತಕದ ಜೊತೆ ಇರುತ್ತಿತ್ತು. ಶುಕ್ರವಾರ ಮೂರು ಗಂಟೆಗೆ ಸರಿಯಾಗಿ ಬರ್ತಾ ಬಾಯಿ ಅದನ್ನು ಹಾಕಿಸಿ, ಮನೆಯವರನ್ನೆಲ್ಲ ಎದುರು ಕೂರಿಸಿ, ಶಿಲುಬೆಯ ಭಾಗ ಬಂದಾಗ ಮೊಣಕಾಲೂರಿ, ಒಂದು ಶಬ್ದವೂ ಅರ್ಥವಾಗದ ಇಂಗ್ಲಿಷಿಗೆ ಕಣ್ಣೀರು ಸುರಿಸುತ್ತಿದ್ದಳು. ಹೋದ ಶುಕ್ರವಾರವೂ ನೋಡಿದ್ದರು.

"ಅದು ಬೇಡ," ಎಂದಳು ಬರ್ತಾ ಬಾಯಿ.

"ಯಾಕೆ ಮಾಯ್?"

"ಬೇಡ ಅಂದೆನಲ್ಲ ಮಗಾ. ಅದರಲ್ಲಿ ಆ ತಾಯಿ... ಮಗನನ್ನು ಕೆಳಗಿಳಿಸಿ ಅವಳ ಮಡಿಲಲ್ಲಿ..." ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಬೆನ್ನು ಅಲುಗುತ್ತಿತ್ತು, ಸದ್ದಿರಲಿಲ್ಲ.

ಗ್ಲ್ಯಾಡಿಸಳ ಕೈ ಸೆಲೀನಳ ಮಣಿಕಟ್ಟನ್ನು ಹಿಡಿಯಿತು. ಫೌಸ್ಟಿನ್ ವೀಸೀಆರಿನ ವಯರನ್ನು ಸುಮ್ಮಸುಮ್ಮನೆ ತೆಗೆದು ಪುನಃ ಸಿಕ್ಕಿಸಿದ.

ಬೆಂಜಮಿನ್ ಇಲ್ಲ. ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲಿ, ಹೇಗೆ, ಯಾವಾಗ ಎಂಬುದೊಂದೂ ತಿಳಿಯದೆ ಅದೊಂದು ಮಾತ್ರ ಅವಳಿಗೆ ತಿಳಿಯಿತು. ಕಿರುಚಬೇಕು, ಎದ್ದು ಓಡಬೇಕು, ಈ ಟೀವಿಯನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಆಗ ಹೊಟ್ಟೆಯೊಳಗೆ ಮಗು ಮಗ್ಗುಲು ಬದಲಿಸಿತು. ಆ ಹಿಂದಿನ ಎರಡೂ ಇಷ್ಟು ದಿನ ಬದುಕಿರಲಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಿದರೆ ತಾನು ಅಳಲೇಬೇಕು, ಅಳುವುದಕ್ಕೆ ಕುಳಿತರೆ ಇದೂ ಉಳಿಯುವುದಿಲ್ಲ ಎಂದು ಅವಳು ಹೆದರಿದಳು. ಹೇಳುವ ತನಕ ಅಳಬೇಕಾಗಿಲ್ಲ. ಹೇಳುವ ತನಕ ಅವನು ಬಹರೈನಿನಲ್ಲಿದ್ದಾನೆ, ಜೂನಿಗೆ ಬರುತ್ತಾನೆ.

"ಕಾರ್ಕಳದಿಂದ ಅಮ್ಮನನ್ನು ಕರೆಸಿದ್ದೀರಾ?" ಎಂದು ಕೇಳಿದಳು.

ಗ್ಲ್ಯಾಡಿಸ್ ತಡವರಿಸಿದಳು. "ಹೌದು. ಕಾರು ಹೋಗಿದೆ. ಸುಮ್ಮನೆ, ನಿನ್ನ ಜೊತೆ ನಾಲ್ಕು ದಿನ ಇರಲಿ ಎಂದು."

ಹೆತ್ತ ತಾಯಿ ಬಗಲಲ್ಲಿ ಕೂರದೆ ಹೆಣ್ಣುಮಗಳಿಗೆ ಇಂಥ ಸುದ್ದಿ ಹೇಳುವ ಕ್ರಮವಿಲ್ಲ. ಸೆಲೀನಳಿಗೆ ಅದು ಗೊತ್ತಿತ್ತು. ಊರಲ್ಲಿ ಇನ್ನೊಬ್ಬಳಿಗೆ ಹೇಳುವಾಗ ಅವಳೂ ಹೋಗಿ ನಿಂತಿದ್ದಳು.

ಅವಳು ಬಗ್ಗಿ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಳು.

"ಇದರಲ್ಲಿ ಎಲ್ಲಕ್ಕಿಂತ ಉದ್ದದ್ದು ಯಾವುದು ಫೌಸ್ಟಿನ್?"

"ಉದ್ದದ್ದಾ?" ಅವನ ಕಣ್ಣು ಮೊದಲ ಸಲ ಅವಳ ಮುಖಕ್ಕೆ ಬಂತು, ಅಲ್ಲಿ ನಿಲ್ಲಲಾರದೆ ಕೆಳಗಿಳಿಯಿತು. "ಸಂಸಾರದ್ದು ಅತ್ತಿಗೆ. ಮೂರು ಗಂಟೆಗಿಂತ ಜಾಸ್ತಿ ಉಂಟು. ಎರಡು ಕ್ಯಾಸೆಟ್ಟಿನದ್ದು."

"ಅದನ್ನೇ ಹಾಕು. ಮಾಯ್, ಬನ್ನಿ, ಇಲ್ಲಿ ಕುಳಿತುಕೊಳ್ಳಿ."

ಬರ್ತಾ ಬಾಯಿ ಬಂದು ಕುಳಿತಳು. ಎಂಟು ವರ್ಷಗಳಲ್ಲಿ ಮೊದಲ ಸಲ ಸೊಸೆ ಹೇಳಿದಲ್ಲಿ. ಪರದೆಯ ಮೇಲೆ ದೊಡ್ಡದೊಂದು ಮನೆ, ತುಂಬ ಜನ, ಮದುವೆ, ಹಾಡು. ಅಣ್ಣತಮ್ಮಂದಿರು ಜಗಳವಾಡಿದರು, ಸೊಸೆಯಂದಿರು ಪಾತ್ರೆ ಎಸೆದರು. ನಗುವ ಜಾಗ ಬಂದಾಗ ಸೆಲೀನ್ ನಕ್ಕಳು. ಅದನ್ನು ಕಂಡು ಫೌಸ್ಟಿನ್ ಎದ್ದು ಹಿತ್ತಲಿಗೆ ಹೋಗಿ, ತುಸು ಹೊತ್ತಿಗೆ ಮುಖ ತೊಳೆದು ಬಂದ. ಗ್ಲ್ಯಾಡಿಸ್ ಎರಡು ಸಲ ಬೀಪಿ ನೋಡಿದಳು. ಅಡುಗೆಮನೆಯಲ್ಲಿ ಬರ್ತಾ ಬಾಯಿ ಬಡಿಸಿಕೊಂಡಿದ್ದ ಗಂಜಿಯ ಮೇಲೆ ಕೆನೆ ಕಟ್ಟಿತ್ತು.

ಕಥೆ ಅರ್ಧಕ್ಕೆ ಬರುವಾಗ ಅಂಗಳದಲ್ಲಿ ಕಾರು ನಿಂತಿತು. ಫೌಸ್ಟಿನ್ ಬಾಗಿಲು ತೆಗೆದ. ಸೆಲೀನಳ ಅಮ್ಮ ಒಳಗೆ ಬಂದಳು; ಮನೆಯ ಸೀರೆಯಲ್ಲೇ ಹೊರಟು ಬಂದಿದ್ದಳು. ಮಗಳು ಸಿನಿಮಾ ನೋಡುತ್ತಿರುವುದನ್ನು ಕಂಡು ಅವಳ ಕಾಲು ಹೊಸ್ತಿಲಲ್ಲೇ ನಿಂತುಹೋಯಿತು.

"ಸೆಲೀನ್..." ಎಂದಳು.

"ಕುಳಿತುಕೊಳ್ಳಿ ಅಮ್ಮ," ಎಂದಳು ಸೆಲೀನ್, ತಿರುಗದೆ, ತನ್ನ ಪಕ್ಕದ ಜಾಗವನ್ನು ತಟ್ಟಿ.

ಅಮ್ಮ ಕುಳಿತಳು. ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಅತ್ತೆ. ಪರದೆಯ ಮೇಲೆ ಹುಡುಗಿಯೊಬ್ಬಳು ಬಸ್ಸು ಹತ್ತುತ್ತಿದ್ದಳು. ಬಸ್ಸು ಹೊರಡುವ ಮೊದಲೇ ಚಿತ್ರ ಕಡಿದು ಹೋಗಿ ಪರದೆಯ ತುಂಬ ಬಿಳಿಚುಕ್ಕಿಗಳು ಕುಣಿದವು. ಟೀವಿ ಸುಯ್ ಎನ್ನತೊಡಗಿತು. ಅಮ್ಮ ಉಸಿರೆಳೆದುಕೊಂಡು ಮಗಳ ಭುಜದ ಮೇಲೆ ಕೈಯಿಟ್ಟಳು. ಬರ್ತಾ ಬಾಯಿ ಕಣ್ಣು ಮುಚ್ಚಿಕೊಂಡಳು.

"ಎರಡನೆಯದ್ದು ಹಾಕು ಫೌಸ್ಟಿನ್," ಎಂದಳು ಸೆಲೀನ್.