ಕೇಳಿದರಷ್ಟೇ ಚುರುಮುರಿ

ಫಿಜಾಳಿಗೆ ಐದು ತುಂಬಿದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಹೊರಡಲು ಮನೆಯವರು ಬಿಟ್ಟರೆ ತಾನೆ ಎಂದು ಅವಳ ತಾಯಿ ಮುಸರತ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದಳು. ಅಂದುಕೊಂಡದ್ದನ್ನು ಅತ್ತೆಯೆದುರು ಆಡುವ ಧೈರ್ಯ ಅವಳಿಗಿರಲಿಲ್ಲ. ಹಳೇಹುಬ್ಬಳ್ಳಿಯ ಆ ಮನೆಯಲ್ಲಿ ಹುಡುಗಿ ನೀರಿನ ಕೊಡದತ್ತ ಕಣ್ಣು ಹೊರಳಿಸಿದರೆ ಸಾಕು, ಅಜ್ಜಿ ತಾಜಬಿ ನೀರು ಹಿಡಿದು ನಿಂತಿರುತ್ತಿದ್ದರು. ಡಬ್ಬಿಯತ್ತ ನೋಡಿದರೆ ಮಡಿಲಿಗೆ ಚುರುಮುರಿ ಬೀಳುತ್ತಿತ್ತು. ಬಾಗಿಲತ್ತ ನೋಡಿದರೆ ಗ್ಯಾರೇಜಿಗೆ ಹೊರಟ ಅಜ್ಜ ಖಾದರಬಾಷಾ ತಿರುಗಿ ಬಂದು, ಸ್ಕೂಟರಿನ ಮೇಲೆ ನಿಲ್ಲಿಸಿಕೊಂಡು ಓಣಿಯ ತುದಿಯವರೆಗೆ ಸುತ್ತಾಡಿಸುತ್ತಿದ್ದರು.

ಮುಂದೆ ಮಗುವನ್ನು ಓದಲು ಹಾಕುವ ಸಾಲಿ ಕನ್ನಡದ್ದು, ಮಗುವಿನೆದುರು ಒಂದೇ ಭಾಷೆ ಆಡಿರಿ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯ ಉರ್ದು ಅಡುಗೆಮನೆಗೆ ಸರಿದಿತ್ತು. ಭಾಷೆ ಬದಲಾಯಿತೇ ಹೊರತು ರೀತಿ ಬದಲಾಗಲಿಲ್ಲ. ಗರಗದಿಂದ ತಾಜಬಿಯವರ ತಮ್ಮ ಅಬ್ದುಲಮಜೀದ ಬಂದಾಗ, "ಬ್ಯಾಡ ಆಪಾ, ಬ್ಯಾಡ, ಹೊಟ್ಟಿ ತುಂಬೇತಿ" ಎಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು. ತಾಜಬಿ ಬೆರಳ ಸಂದಿಯಿಂದಲೇ ಬಡಿಸುತ್ತಿದ್ದರು. ತಮ್ಮ ಅದನ್ನಷ್ಟೂ ಉಂಡು, ಕೈ ತೊಳೆದು, ಸುಮ್ಮನೆ ತೊಂದರೆ ತಗೊಂಡೆ ನೋಡು ಎಂದು ಅಕ್ಕನನ್ನು ಬೈಯುತ್ತಿದ್ದರು. ಬ್ಯಾಡ ಎನ್ನದೆ ಊಟಕ್ಕೆ ಕೂತವರನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಫಿಜಾ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ವಿದ್ಯಾನಗರದ ವರ್ತನಾ ತರಬೇತಿ ಕೇಂದ್ರದಲ್ಲಿ ಫಿಜಾಳಿಗೆ ಸೀಟು ಸಿಕ್ಕಿದ್ದು ಮುಸರತಳ ಓಡಾಟದಿಂದ. ಅಲ್ಲಿನ ಮಾನಸಿ ಮೇಡಂ ಮೊದಲ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದರು. ವರ್ತನೆಗೆ ಮೊದಲು ಏನಾಯಿತು, ಆಮೇಲೆ ಏನಾಯಿತು, ಈ ಎರಡನ್ನು ನೋಡಬೇಕು. ಒಂದು ವರ್ತನೆಯ ನಂತರ ಸಿಕ್ಕದ್ದು ಆ ವರ್ತನೆಯನ್ನು ಹೆಚ್ಚಿಸಿದರೆ ಅದು ಪುನರ್ಬಲನ.

"ಅಂದ್ರ ಬಕ್ಷೀಸು," ಎಂದರು ಖಾದರಬಾಷಾ.

"ಅಲ್ರಿ ಕಾಕಾ. ನೀವು ಬಕ್ಷೀಸು ಅಂತ ಕೊಟ್ರೂ ಆ ವರ್ತನೆ ಹೆಚ್ಚಾಗಲಿಲ್ಲ ಅಂದ್ರ ಅದು ಪುನರ್ಬಲನ ಅಲ್ಲ. ಅದರಾಗ ಋಣಾತ್ಮಕ ಅಂತನೂ ಒಂದೈತಿ."

"ಅದು ಶಿಕ್ಷಾ."

"ಅದೂ ಅಲ್ರಿ. ಕಾರಿನಾಗ ಬೆಲ್ಟ್ ಹಾಕ್ಕೊಳ್ಳೂತನಕ ಕುಂಯ್ ಕುಂಯ್ ಅಂತೈತಲ್ಲ, ಬೆಲ್ಟ್ ಹಾಕಿದ ಕೂಡ್ಲೆ ನಿಲ್ಲತೈತಿ. ತ್ರಾಸು ತಪ್ಪತೈತಿ ಅಂತ ಬೆಲ್ಟ್ ಹಾಕೋದು ಹೆಚ್ಚಾಗ್ತೈತಿ. ಅದು ಋಣಾತ್ಮಕ ಪುನರ್ಬಲನ."

ಖಾದರಬಾಷಾ ಹೆಂಡತಿಯ ಕಡೆ ತಿರುಗಿ, "ನಾನು ಲಗೂ ಮನಿಗೆ ಬರೋದು ಇದಕ್ಕ ನೋಡು," ಎಂದರು.

ಎರಡು ಕಟ್ಟಳೆಗಳನ್ನು ಮಾನಸಿ ಮೇಡಂ ಒತ್ತಿ ಹೇಳಿದರು. ಮಗು ಏನಾದರೂ ಕೇಳುವ ಪ್ರಯತ್ನ ಮಾಡುವವರೆಗೆ ಚುರುಮುರಿ ಕೊಡಬಾರದು. ಕೇಳಿದರೆ ತಕ್ಷಣ ಕೊಡಬೇಕು, ಸ್ವಲ್ಪ ಸ್ವಲ್ಪವೇ ಕೊಡಬೇಕು. ಮಗು ಬೇಡ ಎಂದು ತೋರಿಸಿದರೆ ಒತ್ತಾಯ ಮಾಡಬಾರದು. ಬೇಡ ಎನ್ನುವುದೂ ಮಾತೇ, ಅದಕ್ಕೆ ಬೆಲೆ ಕೊಡಬೇಕು. ಮನೆಯವರು ಸಹಕರಿಸದಿದ್ದರೆ ಸೀಟು ಸರದಿಯಲ್ಲಿರುವ ಇನ್ನೊಂದು ಮಗುವಿಗೆ ಹೋಗುತ್ತದೆ. ಈ ಕೊನೆಯ ಮಾತನ್ನು ಮೇಡಂ ಮೆಲ್ಲಗೆ ಹೇಳಿದ್ದರು. ಮುಸರತಳಿಗೆ ಕೇಳಿಸಿದ್ದು ಅದೊಂದೇ.

ಮನೆಯವರು ಸಹಕರಿಸಿದರು, ಅಗತ್ಯಕ್ಕಿಂತ ಹೆಚ್ಚೇ. ಖಾದರಬಾಷಾ ಗ್ಯಾರೇಜಿನಲ್ಲಿ ಗಿರಾಕಿ ಕೂಗಾಡಿದರೆ ಸ್ಪ್ಯಾನರು ಹಿಡಿದು ಗೋಡೆ ನೋಡುತ್ತ ನಿಲ್ಲತೊಡಗಿದರು. "ಇವನ ವರ್ತನಿಗೆ ಗಮನ ಸಿಗಬಾರದು. ತಾನಾಗೇ ಆರತೈತಿ," ಎಂದು ಮಗ ಅಯಾಜನಿಗೆ ವಿವರಿಸಿದರು. ಆರುವ ಮೊದಲು ಒಮ್ಮೆ ಭಗ್ಗೆಂದು ಹೆಚ್ಚಾಗುತ್ತದೆ ಎಂದೂ ಮೇಡಂ ಹೇಳಿದ್ದರು. ಅದು ನಿಜವೆಂದು, ಗಿರಾಕಿ ಹೆಲ್ಮೆಟ್ಟು ನೆಲಕ್ಕೆ ಬಡಿದಾಗ ಗೊತ್ತಾಯಿತು. ಅಯಾಜ ರಾತ್ರಿ ಹೆಂಡತಿಗೆ ಅದನ್ನು ಹೇಳಿ ನಗಿಸಲು ನೋಡಿದ. ಮುಸರತ ನಗಲಿಲ್ಲ. ತಾಜಬಿ ಮೊಮ್ಮಗಳಿಗೆ ಚುರುಮುರಿಯ ಡಬ್ಬಿ ತೋರಿಸಿ ಮುಚ್ಚಿಡುವಾಗ ತಾವೇ ಅಳುವುದನ್ನು ಅವಳು ದಿನವೂ ನೋಡುತ್ತಿದ್ದಳು.

ಮೇಡಂ ಮನೆಗೇ ಬಂದು ನೋಡುವ ಪರಿಶೀಲನೆಯ ದಿನ ಬಿಸಿಲು ಸುಡುತ್ತಿತ್ತು. ಮಾನಸಿ ಮೇಡಂ ಸ್ಕೂಟಿ ನಿಲ್ಲಿಸಿ, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ತಾಜಬಿ ಏಲಕ್ಕಿ ಹಾಕಿದ ಚಹಾ, ನಾನಖಟಾಯಿ ತಂದಿಟ್ಟರು.

"ಬ್ಯಾಡ್ರಿ ಅಮ್ಮಾ, ಈಗರೆ ಕುಡದು ಬಂದೇನಿ."

"ಹಂಗಂದ್ರ ಹ್ಯಾಂಗ್ರಿ, ಒಂದ ಗುಟುಕು..."

"ತಾಜಬಿ!" ಖಾದರಬಾಷಾ ಕೈ ಎತ್ತಿದರು. "ಬ್ಯಾಡಂದ್ರ ಒತ್ತಾಯ ಮಾಡೂಹಂಗಿಲ್ಲ. ಮೇಡಂನವರೇ ಕಲಿಸ್ಯಾರ."

ಚಹಾ ಒಳಗೆ ಹೋಯಿತು. ಮಾನಸಿ ಮೇಡಂರ ಕಣ್ಣು ಬಾಗಿಲವರೆಗೆ ಅದರ ಹಿಂದೆ ಹೋಗಿ ಬಂತು. ಯಾರೂ ಗಮನಿಸಲಿಲ್ಲ, ಮುಸರತಳನ್ನು ಬಿಟ್ಟು.

ಮೇಡಂ ಫಿಜಾಳ ಎದುರು ಚಾಪೆಯ ಮೇಲೆ ಕೂತು, ಡಬ್ಬಿಯ ಮುಚ್ಚಳ ತೆಗೆದು ಚುರುಮುರಿ ಹಿಡಿದರು. "ಫಿಜಾ, ಏನು ಬೇಕವ್ವಾ?"

ಫಿಜಾ ಚುರುಮುರಿ ನೋಡಿದಳು. ಮೇಡಂರ ಮುಖ ನೋಡಿದಳು. "ಬ್ಯಾಡ," ಅಂದಳು.

ಸ್ಪಷ್ಟವಾಗಿ, ದೊಡ್ಡವರ ಹಾಗೆ. ಖಾದರಬಾಷಾ ಎದ್ದು ನಿಂತರು. ತಾಜಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಐದು ವರ್ಷದಲ್ಲಿ ಮೊದಲ ಮಾತು! ಮಾನಸಿ ಮೇಡಂ ಕೂಡ ನಕ್ಕರು, ಆದರೆ ಕಟ್ಟಳೆಯಂತೆ ಮುಚ್ಚಳ ಹಾಕಿದರು.

ಫಿಜಾ ಗಾಬರಿಯಾದಳು. "ಬ್ಯಾಡ ಬ್ಯಾಡ," ಎಂದಳು, ಇನ್ನೂ ಜೋರಾಗಿ. ಮೇಡಂ ಡಬ್ಬಿಯನ್ನು ಹಿಂದಕ್ಕೆ ಸರಿಸಿದರು. ಹುಡುಗಿ ನೆಲಕ್ಕೆ ಬಿದ್ದು ಒದ್ದಾಡಿ ಅತ್ತಳು. ಅತ್ತಷ್ಟೂ ಡಬ್ಬಿ ದೂರ ಹೋಯಿತು.

"ನಿರಾಕರಣೆ," ಎಂದರು ಮೇಡಂ ಮನೆಯವರ ಕಡೆ ತಿರುಗಿ. "ಇದರ ಉದ್ದೇಶ ಕೆಲಸದಿಂದ ಪಾರಾಗೋದು. ಚುರುಮುರಿ ಆಕಿಗೆ ಈಗ ಪುನರ್ಬಲಕ ಅಲ್ಲ. ಕೇಳೂದು ಇನ್ನೂ ಬಂದಿಲ್ಲ. ನಾ ಏನು ಬರೀಬೇಕ್ರಿ? ಸರದಿಯಾಗ ಭಾಳ ಮಕ್ಕಳು ಅದಾವ್ರಿ..."

ಮುಸರತ ಮಗಳ ಕೈ ನೋಡುತ್ತಿದ್ದಳು. ಬ್ಯಾಡ ಎನ್ನುವಾಗ ಆ ಕೈ ಡಬ್ಬಿಯನ್ನು ದೂಡುತ್ತಿರಲಿಲ್ಲ. ಅಬ್ದುಲಮಜೀದರು ತಾಟಿಗೆ ಅಡ್ಡ ಹಿಡಿಯುತ್ತಿದ್ದ ಹಾಗೆ, ಬೆರಳು ಬಿಡಿಸಿಕೊಂಡು ಕಾಯುತ್ತಿತ್ತು. ಮೊದಲು ಏನಾಯಿತು, ಆಮೇಲೆ ಏನಾಯಿತು? ಈ ಮನೆಯಲ್ಲಿ ಬ್ಯಾಡ ಎಂದವರಿಗೆ ಆಮೇಲೆ ಏನು ಸಿಕ್ಕಿದೆ? ಕಲಿತವರ ಎದುರು ತಪ್ಪು ಮಾತು ಆಡಿದರೆ ಸೀಟು ಇವತ್ತೇ ಹೋಗಬಹುದು. ಆಡದಿದ್ದರೂ ಹೋಗುತ್ತದೆ.

"ಮೇಡಂರಿ, ಆಕಿ ಕೇಳಾಕತ್ತಾಳ್ರಿ."

"ಬ್ಯಾಡ ಅಂತಾಳಲ್ರಿ?"

"ನಮ್ಮ ಮನ್ಯಾಗ ಬ್ಯಾಡ ಅಂದ ಮ್ಯಾಲೇ ಬಡಸೋದ್ರಿ."

"ಹಂಗ ನಾ ಊಹಾ ಮಾಡೂಹಂಗಿಲ್ರಿ. ಕಂಡದ್ದನ್ನಷ್ಟ ಹೇಳಬೇಕು. ಬ್ಯಾಡ ಅಂದ್ರ ಬ್ಯಾಡ."

ಮುಸರತ ಚಾಪೆಯ ಅಂಚಿಗೆ ಬಂದು ಕೂತಳು. "ತಪ್ಪು ತಿಳೀಬ್ಯಾಡ್ರಿ. ಆಗಳೆ ನೀವು ಚಾ ಬ್ಯಾಡ ಅಂದ್ರಿ. ಖರೇನ ಬ್ಯಾಡಾಗಿತ್ತೇನ್ರಿ?"

ಮಾನಸಿ ಮೇಡಂ ಧಾರವಾಡದವರು; ಮೊದಲು ಬ್ಯಾಡ ಎನ್ನದೆ ಚಹಾ ಕುಡಿಯುವ ರೂಢಿ ಅಲ್ಲೂ ಇಲ್ಲ. ಸುಳ್ಳು ಹೇಳುವುದು ಅವರಿಗೆ ಕಷ್ಟವಾಯಿತು, ಖರೆ ಹೇಳುವುದು ಇನ್ನೂ ಕಷ್ಟವಾಯಿತು. ಅಡುಗೆಮನೆಯ ಬಾಗಿಲು ನೋಡಿದರು. "ಒಂದೀಟು ಇದ್ರ ನಡೀತಿತ್ರಿ," ಎಂದರು ಕೊನೆಗೆ.

ತಾಜಬಿ ಗಂಡನನ್ನು ನೋಡಿದ ನೋಟಕ್ಕೆ ಖಾದರಬಾಷಾ ಗೋಡೆಯ ಕಡೆ ತಿರುಗಿದರು.

ಚಹಾ ಕುಡಿದ ಮೇಲೆ ಮೇಡಂ ಹೊಸ ಕಟ್ಟಳೆ ಹಾಕಿದರು. ಹುಡುಗಿ ಸಾಲಿಗೆ ಹೋಗಿ ಈ ಮನೆಯ ರೀತಿಯಲ್ಲಿ ಕೇಳಿದರೆ ಹಸಿದೇ ಮನೆಗೆ ಬರುತ್ತಾಳೆ. ಆದ್ದರಿಂದ ಅವಳೆದುರು ಬೇಕಾದವರು ಬೇಕು ಎಂದೇ ಕೇಳಬೇಕು, ಎಲ್ಲರೂ. ಮುಂದಿನ ಭೇಟಿಗೆ ಫಿಜಾಳ ಬಾಯಿಂದ ಅದು ಬರುವ ಲಕ್ಷಣ ಕಂಡರೆ ಸೀಟು ಉಳಿಯುತ್ತದೆ.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹಾಸಿದ ಸುಪ್ರದ ಸುತ್ತ ಕೂತರು. "ನನಗ ರೊಟ್ಟಿ ಬೇಕು!" ಎಂದು ಖಾದರಬಾಷಾ ಗ್ಯಾರೇಜಿನ ದನಿಯಲ್ಲಿ ಕೂಗಿದರು. "ನನಗ ಪಲ್ಯಾ ಬೇಕು!" ಎಂದ ಅಯಾಜ. ತಾಜಬಿಯವರ ಸರದಿ ಬಂತು. ಅವರ ಕಿವಿ ಕೆಂಪಾದವು. "ಮದಿವ್ಯಾಗಿ ಬಂದಾಗಿಂದ ಈ ಮನ್ಯಾಗ ಬಾಯಿ ಬಿಟ್ಟು ಕೇಳಿಲ್ಲ. ಈಗ ಸೊಸಿ ಮುಂದ ಕೇಳ್ಲೇನು?" ಎಂದು ತಲೆ ತಗ್ಗಿಸಿ ಕೂತರು.

"ಬೇಕು ಅನ್ನು," ಎಂದರು ಖಾದರಬಾಷಾ. "ಬೇಕು! ಬೇಕು!"

ಅಷ್ಟರಲ್ಲಿ ಹಿತ್ತಲಿನ ಗೋಡೆಯಾಚೆಯ ಕಾವೇರಿ ಕಾಕು ಪಾತ್ರೆ ತುಂಬ ಗೋಧಿ ಹುಗ್ಗಿ ಹಿಡಿದು ಬಂದೇಬಿಟ್ಟರು. "ಏನಾಗೇತ್ರಿ ಇವತ್ತು? ಅಡಗಿ ಕಡಿಮಿ ಬಿತ್ತೇನು? ಬೇಕು ಬೇಕು ಅಂತ ಓಣಿ ತುಂಬ ಕೇಳಸಾಕತ್ತೇತಿ!"

ತಾಜಬಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. "ಬ್ಯಾಡ್ರಿ ಕಾವೇರವ್ವಾ, ಬ್ಯಾಡ. ನಮ್ಮನ್ಯಾಗ ಯಾವುದಕ್ಕೂ ಕಡಿಮಿ ಇಲ್ಲ," ಎಂದು ಎರಡೂ ಕೈ ಅಡ್ಡ ಹಿಡಿದರು.

ಫಿಜಾ ಹುಗ್ಗಿಯ ಪಾತ್ರೆ ನೋಡಿದಳು, ಅಜ್ಜಿಯ ಕೈ ನೋಡಿದಳು. ಅವಳ ಬೆರಳುಗಳೂ ಬಿಡಿಸಿಕೊಂಡವು. ತುಟಿ ಕೂಡಿತು. ಕಾವೇರಿ ಕಾಕು ಒತ್ತಾಯ ಮಾಡಿ ಬಡಿಸುವವರೇ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಮಗು ಹಳೆಯ ಪಾಠವನ್ನೇ ಇನ್ನೂ ಗಟ್ಟಿಯಾಗಿ ಕಲಿಯುತ್ತದೆ.

"ನನಗ ಬೇಕ್ರಿ ಕಾಕು," ಎಂದು ಮುಸರತ ತನ್ನ ತಾಟು ಮುಂದೆ ಹಿಡಿದಳು.

ಕಾವೇರಿ ಕಾಕು ಒಂದು ಸೌಟು ಬಡಿಸಿದರು. ಅತ್ತೆಯ ದೃಷ್ಟಿ ಕೆನ್ನೆಗೆ ಬಡಿಯುತ್ತಿದ್ದುದು ಮುಸರತಳಿಗೆ ಗೊತ್ತಿತ್ತು. ತಾಟು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇನ್ನೊಂದಿಷ್ಟ ಬೇಕ್ರಿ."

ಇನ್ನೊಂದು ಸೌಟು ಬಿತ್ತು. ಫಿಜಾ ತಾಯಿಯ ತಾಟನ್ನೂ ಬಾಯನ್ನೂ ನೋಡಿದಳು. ಮೆಲ್ಲಗೆ ತನ್ನ ಬಟ್ಟಲು ಎತ್ತಿದಳು.

"ಬೇ," ಅಂದಳು.

ಪೂರ್ತಿ ಮಾತಲ್ಲ. ಆದರೆ ಮಾತಿನ ಹತ್ತಿರ ಬಂದದ್ದನ್ನೂ ಮೊದಮೊದಲು ಒಪ್ಪಿಕೊಳ್ಳಬೇಕು, ತಕ್ಷಣ ಕೊಡಬೇಕು, ಹೊಟ್ಟೆ ತುಂಬಿದರೆ ಮತ್ತೆ ಕೇಳುವುದಿಲ್ಲವಾದ್ದರಿಂದ ಚೂರೇ ಕೊಡಬೇಕು. ಮುಸರತ ಇದನ್ನೆಲ್ಲ ಹೇಳುವಷ್ಟರಲ್ಲಿ ತಾಜಬಿ ಕಾವೇರಿ ಕಾಕುವಿನ ಕೈಯಿಂದ ಪಾತ್ರೆಯನ್ನೇ ಕಸಿದುಕೊಂಡು ಬಟ್ಟಲಿಗೆ ಸುರಿದಿದ್ದರು. ಹುಗ್ಗಿ ಬಟ್ಟಲು ತುಂಬಿ ಹುಡುಗಿಯ ಮೊಣಕಾಲ ಮೇಲೆ ಇಳಿಯುತ್ತಿತ್ತು. "ಅಮ್ಮಾ, ಸಾಕು" ಎನ್ನಲು ಬಾಯಿ ತೆರೆದ ಮುಸರತ, ತೆರೆದ ಬಾಯಿಗೆ ತನ್ನ ತಾಟಿನ ಹುಗ್ಗಿ ಹಾಕಿಕೊಂಡಳು.