ಬದಲಿ ಮೂಗು

ಏಕಾಂತಪ್ಪನವರು ಅರವತ್ತೆರಡು ವರ್ಷದಲ್ಲಿ ತಮ್ಮ ಕೈಯಾರೆ ಮಾಡಿದ ಕೆಲಸಗಳನ್ನು ಎಣಿಸಲು ಒಂದು ಕೈಯ ಬೆರಳೇ ಹೆಚ್ಚು. ಉಣ್ಣುವುದು, ಮಲಗುವುದು, ಶಿವಪೂಜೆ, ಮತ್ತೆ ಬೇರೆಯವರು ಮಾಡಿದ ಕೆಲಸದಲ್ಲಿ ಕೊಂಕು ತೆಗೆಯುವುದು. ಮಿಕ್ಕಿದ್ದಕ್ಕೆಲ್ಲ ಜಯರಾಮ ಇದ್ದ.

ಜಯರಾಮ ಚೆನ್ನೈನ ರಾಯಪುರಂನಲ್ಲಿದ್ದ ಅವರ ಮೆಣಸಿನಕಾಯಿ ಮಂಡಿಯ ಆಳು. ಆಳು ಅಂದರೆ ಮೂಟೆ ಹೊರುವವನಲ್ಲ. ಬ್ಯಾಂಕು, ಲಾರಿ ಆಫೀಸು, ತೆರಿಗೆ ಕಚೇರಿ ಅಂತ ಬೆಳಗಿನಿಂದ ಸಂಜೆಯವರೆಗೆ ಊರು ಸುತ್ತುವವನು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನೆಂಟರ ಮದುವೆಗೆ ಮುಯ್ಯಿಯ ಕವರು ಹಿಡಿದು ಹೋಗುವವನೂ ಅವನೇ, ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಸಾಹುಕಾರರ ಹೆಸರಿನಲ್ಲಿ ಅರ್ಧ ಗಂಟೆ ಕೂತು ಬರುವವನೂ ಅವನೇ. ಹರಿಹರದಲ್ಲಿ ಸಾಹುಕಾರರ ಸ್ವಂತ ಅಣ್ಣ ಲಿಂಗೈಕ್ಯರಾದಾಗ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಿ ಬಂದವನೂ ಜಯರಾಮನೇ. ಸಾಹುಕಾರರಿಗೆ ಅವತ್ತು ಸೊಂಟ ಹಿಡಿದಿತ್ತಂತೆ. ಅಲ್ಲಿಂದೀಚೆಗೆ ಗಂಡನ ಸೊಂಟದ ಮಾತು ಬಂದಾಗಲೆಲ್ಲ ಬಸವಣ್ಣೆಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಬಸವಣ್ಣೆಮ್ಮ ಈ ಊರಿಗೆ ಬಂದು ಮೂವತ್ತೊಂದು ವರ್ಷ. ಮೊದಮೊದಲು ವೆಸ್ಟ್ ಮಾಂಬಲಂನ ಮನೆಯಿಂದ ಬುತ್ತಿ ಹಿಡಿದು ರೈಲಿನಲ್ಲಿ ಮಂಡಿಗೆ ಹೋಗುತ್ತಿದ್ದಳು. ಗಂಡ ಉಣ್ಣುವಷ್ಟು ಹೊತ್ತು ಮೂರನೆಯ ಮಹಡಿಯ ಮೇಲೆ ನಿಂತರೆ, ಬಿಸಿಲಿಗೆ ಹರಡಿದ ಬ್ಯಾಡಗಿ ಮೆಣಸಿನಕಾಯಿಯ ಆಚೆ ಬಂದರು, ಬಂದರಿನ ಆಚೆ ಹಡಗುಗಳು. ಹಡಗು ಹತ್ತಿ ಎಲ್ಲಿಗೋ ಹೋಗಬೇಕೆಂದು ಅವಳಿಗೆ ಇರಲಿಲ್ಲ. ಹಡಗಿನಲ್ಲಿ ನಿಂತು ನೋಡಿದರೆ ಈ ಮಹಡಿ ಹೇಗೆ ಕಾಣುತ್ತದೆ, ಅದೊಂದನ್ನು ನೋಡಬೇಕಿತ್ತು. ಗಂಡನಿಗೆ ಒಮ್ಮೆ ಹೇಳಿಯೂ ಇದ್ದಳು. “ಹಡಗಿನಾಗೆ ಏನೈತೆ, ಬರೀ ನೀರು,” ಎಂದು ಅವರು ಮಜ್ಜಿಗೆ ಸುರುವಿಕೊಂಡಿದ್ದರು. ಆ ಆಸೆ ಅಲ್ಲಿಗೆ ಹೋಯಿತೆಂದು ಅವರು ತಿಳಿದಿದ್ದರು. ಹೋಗಿರಲಿಲ್ಲ.

ಕೊರೊನಾ ಎರಡು ವರ್ಷ ಕುಣಿದು ಸುಸ್ತಾದ ಮೇಲೆ, ಜೂನ್ ತಿಂಗಳಲ್ಲಿ ಚೆನ್ನೈ ಬಂದರಿನಿಂದ ಪ್ರವಾಸದ ಹಡಗು ಹೊರಡುತ್ತದೆಂದು ಸುದ್ದಿ ಬಂತು. ಟಿ. ನಗರದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮಗಳು ತೇಜಶ್ರೀ ಅಮ್ಮನ ಮಾತು ನೆನಪಿಟ್ಟುಕೊಂಡು ಎರಡು ಟಿಕೆಟು ತಂದುಕೊಟ್ಟಳು. ಟಿಕೆಟು ಕೈಗೆ ಬಂದದ್ದೇ ತಡ, ಏಕಾಂತಪ್ಪನವರ ಬರೀ ನೀರು ಮಹಾಸಾಗರವಾಯಿತು. ಇಲ್ಲಿನ ಕನ್ನಡಿಗರ ಸಮಾಜದ ಸಭೆಯಲ್ಲಿ ಎದ್ದು ನಿಂತು ಹಡಗಿನ ಬಗ್ಗೆ ಭಾಷಣ ಮಾಡಿದರು. ಹದಿನೆಂಟು ಜನ ಜೊತೆಗೆ ಹೊರಟರು. ಅಷ್ಟೂ ಜನರ ಟಿಕೆಟಿಗೆ ಓಡಾಡಿದವನು ಜಯರಾಮ, ತಂಡದ ಮುಖ್ಯಸ್ಥರೆಂದು ಬಿಳಿ ಬೂಟು ಕೊಂಡವರು ಏಕಾಂತಪ್ಪನವರು.

ಆಮೇಲೆ ಹಡಗಿನ ಕಂಪನಿಯ ನಿಯಮಗಳು ಫೋನಿಗೆ ಬಂದವು. ಎರಡು ಲಸಿಕೆಯ ಸರ್ಟಿಫಿಕೇಟು ಬೇಕು. ಹಡಗು ಹತ್ತುವ ಮುಂಚಿನ ನಲವತ್ತೆಂಟು ಗಂಟೆಯೊಳಗೆ ಮೂಗಿನ ಟೆಸ್ಟು ಮಾಡಿಸಿ ರಿಪೋರ್ಟು ತೋರಿಸಬೇಕು. ಒಂದು ಕೋಣೆಯ ಇಬ್ಬರಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಇಬ್ಬರೂ ಕೆಳಗೇ. ಬಸವಣ್ಣೆಮ್ಮ ಆ ಕೊನೆಯ ಮಾತನ್ನು ಎರಡು ಸಲ ಓದಿದಳು. ಅಂದಿನಿಂದ ತರಕಾರಿ ಅಂಗಡಿಗೆ ಕೂಡ ಎರಡು ಮಾಸ್ಕು ಹಾಕಿಕೊಂಡು ಹೋದಳು, ಅಕ್ಕಪಕ್ಕದ ಮನೆಯ ಅರಿಶಿನ ಕುಂಕುಮಕ್ಕೂ ಹೋಗಲಿಲ್ಲ. ಏಕಾಂತಪ್ಪನವರು ಮಾತ್ರ, “ಅದೆಲ್ಲ ಒಂದು ಶಾಸ್ತ್ರ,” ಎಂದರು.

ಟೆಸ್ಟಿನ ಹುಡುಗಿ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದಳು. ಬಸವಣ್ಣೆಮ್ಮ ಕುರ್ಚಿಯಲ್ಲಿ ಕೂತು ಮಾಸ್ಕು ಇಳಿಸಿದಳು. ಹತ್ತಿ ಸುತ್ತಿದ ಕಡ್ಡಿ ಮೂಗಿನೊಳಗೆ ಹೋಗಿ ತಲೆಯವರೆಗೂ ಮುಟ್ಟಿದ ಹಾಗಾಯಿತು, ಕಣ್ಣಲ್ಲಿ ನೀರು ಬಂತು, ಅರ್ಧ ನಿಮಿಷದಲ್ಲಿ ಮುಗಿಯಿತು. ಇದನ್ನು ಬಾಗಿಲ ಸಂದಿಯಿಂದ ನೋಡಿದ ಏಕಾಂತಪ್ಪನವರು ಪೂಜೆಗೆ ಕೂತರು. ದಿನವೂ ಹತ್ತು ನಿಮಿಷಕ್ಕೆ ವಿಭೂತಿ ಬಳಿದುಕೊಂಡು ತಿಂಡಿಗೆ ಏಳುವವರು ಅವತ್ತು ಒಂದು ಗಂಟೆಯಾದರೂ ಏಳಲಿಲ್ಲ. ಅಂಗೈ ಮೇಲಿನ ಲಿಂಗಕ್ಕೇ ಸಾಕಾಗಿರಬೇಕು. ಪೂಜೆ ಮುಗಿಯುವ ತನಕ ಮೂಗು ಬಾಯಿ ಯಾರಿಗೂ ಮುಟ್ಟಿಸುವುದಿಲ್ಲ, ಮಂಡಿಗೆ ಬಂದು ತೆಗೆದುಕೊಳ್ಳಲಿ ಎಂದು ಒಳಗಿನಿಂದಲೇ ಹೇಳಿದರು. ಹುಡುಗಿಗೆ ಇನ್ನೂ ನಲವತ್ತು ಮನೆ ಇದ್ದವು. ಹೋದಳು.

ಮಧ್ಯಾಹ್ನ ಗಂಡ ಬಹಳ ಗೆಲುವಿನಲ್ಲಿ ಮನೆಗೆ ಬಂದರು.

“ಕೊಟ್ರಾ?” ಎಂದು ಬಸವಣ್ಣೆಮ್ಮ ಕೇಳಿದಳು.

“ಆತು. ನಂಗೇನೂ ಅನ್ನಿಸ್ಲೇ ಇಲ್ಲ.”

ಅಷ್ಟು ನಿಜವನ್ನು ಅವರು ಆ ವರ್ಷದಲ್ಲಿ ಇನ್ನೊಂದು ಸಲ ಹೇಳಿರಲಿಲ್ಲ.

ಮರುದಿನ ಹನ್ನೊಂದಕ್ಕೆ ಎಲ್ಲರೂ ಬಂದರಿನ ಟರ್ಮಿನಲ್ಲಿನಲ್ಲಿ ಸಾಲು ನಿಂತರು. ಬಸವಣ್ಣೆಮ್ಮನ ರಿಪೋರ್ಟು ಬೆಳಿಗ್ಗೆಯೇ ಬಂದಿತ್ತು, ನೆಗೆಟಿವ್. ಅದರ ಪ್ರಿಂಟನ್ನು ಮೂರು ಮಡಿಕೆ ಮಾಡಿ ಕುಬಸದೊಳಗೆ ಇಟ್ಟುಕೊಂಡಿದ್ದಳು. ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಚೀಲ. ಗಾಜಿನ ಗೋಡೆಯ ಆಚೆ ಹಡಗು ನಿಂತಿತ್ತು, ವೆಸ್ಟ್ ಮಾಂಬಲಂನ ಅವರ ಬೀದಿಯಷ್ಟು ಉದ್ದ. ಅವಳು ಅದನ್ನು ನೋಡುತ್ತಾ ನಿಂತಿದ್ದಾಗ ಗಂಡನ ಜೇಬಿನಲ್ಲಿ ಫೋನು ಕುಂಯ್ ಅಂದಿತು. ತೆಗೆದು ನೋಡಿದರು. ಹಣೆಯ ವಿಭೂತಿಯ ಬಣ್ಣ ಕೆನ್ನೆಗೂ ಇಳಿಯಿತು.

“ಏನಂತ್ರಿ?”

“ಏನಿಲ್ಲ ಬಿಡು.”

ಬಸವಣ್ಣೆಮ್ಮ ಕೈ ಚಾಚಿ ಫೋನು ತೆಗೆದುಕೊಂಡಳು. ಕೆಂಪಕ್ಷರದಲ್ಲಿ ಪಾಸಿಟಿವ್ ಎಂದಿತ್ತು. ಗಂಡನಿಗೆ ಏನಾದರೂ ಆದೀತೆಂಬ ಹೆದರಿಕೆ ಮೊದಲು ಬಂತು, ಹಡಗು ಹೋಯಿತೆಂಬ ದುಃಖ ಆಮೇಲೆ. ಮೂವತ್ತೊಂದು ವರ್ಷದ ಹೆಂಡತಿಗೆ ಇಷ್ಟಾದರೂ ಅಭ್ಯಾಸ ಇರುತ್ತದೆ.

“ಗಾಬರಿ ಆಗಬ್ಯಾಡ,” ಎಂದು ಏಕಾಂತಪ್ಪನವರು ದನಿ ತಗ್ಗಿಸಿದರು. “ಅದು ನಂದಲ್ಲ.”

“ಹೆಸರು ನಿಮ್ದೇ ಐತಲ್ರಿ.”

“ಹೆಸರು ನಂದು. ಮೂಗು ಜಯರಾಮಂದು.”

ಬಸವಣ್ಣೆಮ್ಮನಿಗೆ ಹೆದರಿಕೆ ಇಳಿಯಿತು. ಅದು ಇಳಿದ ಜಾಗದಲ್ಲಿ ಏನು ಹತ್ತಿತೋ, ಅದನ್ನು ನೋಡಿ ಏಕಾಂತಪ್ಪನವರು ಅರ್ಧ ಹೆಜ್ಜೆ ಹಿಂದೆ ಸರಿದರು. ಸರಿದು, ವಿವರಿಸಿದರು.

“ಮೂವತ್ತು ವರ್ಷ ಮೆಣಸಿನ್ಕಾಯಿ ಘಾಟು ಕುಡಿದ ಮೂಗು ಕಣೆ ನಂದು. ಯಾವಾಗ್ಲೂ ಸೋರ್ತಿರ್ತೈತೆ. ಘಾಟು ಯಾವ್ದು, ಕೊರೊನಾ ಯಾವ್ದು ಅಂತ ಮೆಷಿನ್ನಿಗೆ ಏನ್ ತಿಳೀತೈತೆ? ಸುಮ್ನೆ ಪಾಸಿಟಿವ್ ಅಂದುಬಿಟ್ರೆ ನಿನ್ ಹಡಗೂ ಹೋಗ್ತಿತ್ತು. ಜಯರಾಮ ಗೋದಾಮಿನೊಳಗೆ ಕಾಲೇ ಇಡಲ್ಲ. ಹೊರಗಡೆ ತಿರುಗೋನು, ಮೂಗು ಚೊಕ್ಕ ಇರ್ತೈತೆ ಅಂದ್ಕೊಂಡೆ. ಅವನೇ ನನ್ ಆಧಾರ್ ಕಾರ್ಡ್ ತೋರ್ಸಿ ಕೊಟ್ಟ. ಆ ಹುಡುಗಿ ಮೂಗು ಬಿಟ್ರೆ ಮುಖ ನೋಡ್ಲಿಲ್ಲ.”

ಬ್ಯಾಂಕು, ಲಾರಿ ಆಫೀಸು, ಬಸ್ಸು, ಊರಿನ ಅಷ್ಟೂ ಸಂದಿಗೊಂದಿ ಸುತ್ತಿದ ಮೂಗು ಚೊಕ್ಕವಂತೆ. ಗೋದಾಮಿನಲ್ಲಿ ಒಬ್ಬಂಟಿ ಕೂತ ಮೂಗು ಕೆಟ್ಟದ್ದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕ್ವಿಂಟಲುಗಟ್ಟಲೆ ಮೆಣಸಿನಕಾಯಿಗೆ ಹೆದರದ ಗಂಡಸು ಒಂದು ಹತ್ತಿಕಡ್ಡಿಗೆ ಹೆದರಿದ್ದ. ಅಷ್ಟೇ ವಿಷಯ. ಹೆದರಿಕೆ ಎಂದು ಹೇಳಿದ್ದರೆ ಬಸವಣ್ಣೆಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತಿದ್ದಳು. ಇಬ್ಬರು ಮಕ್ಕಳಿಗೆ ಸೂಜಿ ಚುಚ್ಚಿಸಿದವಳಿಗೆ ಅದೇನು ದೊಡ್ಡದಲ್ಲ.

ಆಗ ಅವಳಿಗೆ ಇನ್ನೊಂದು ಹೊಳೆಯಿತು.

“ಜಯರಾಮಂಗೆ ಹೇಳಿದ್ರಾ?”

“ಏನಂತ?”

“ಕೊರೊನಾ ಅವನಿಗೆ ಬಂದೈತಲ್ರಿ. ರಿಪೋರ್ಟು ನಿಮ್ಮ ಜೇಬಿನಾಗೈತೆ. ಅವನಿಗೆ ಹೆಂಗೆ ಗೊತ್ತಾಗಬೇಕು?”

ಏಕಾಂತಪ್ಪನವರು ಸುತ್ತ ನೋಡಿದರು. “ಅವನಿಗೆ ಹೇಳಿದ್ರೆ ಒಂದು ವಾರ ಮಲಗ್ತಾನೆ. ಶನಿವಾರ ಲೋಡು ಬರ್ತೈತೆ, ಬಾಗ್ಲಾಗೆ ನಿಂತು ಇಳಿಸ್ಕೊಳ್ಳೋರು ಯಾರು? ಸಣ್ಣ ಜ್ವರ, ತಾನೇ ಹೋಗ್ತೈತೆ. ನೀನೀಗ ಸುಮ್ನೆ ಮನೀಗೆ ಬಾ. ಸಮಾಜದೋರಿಗೆ ನಂಗೆ ಪಾಸಿಟಿವ್ ಅಂದ್ರಾತು. ರೋಗ ಬಂತು ಅಂದ್ರೆ ಮರ್ಯಾದೆ ಹೋಗಲ್ಲ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಸವಣ್ಣೆಮ್ಮ ಜಯರಾಮನ ಮನೆಗೆ ಫೋನು ಮಾಡಿದಳು. ಅವನ ಹೆಂಡತಿ ಸರಸ ಎತ್ತಿದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ, ಅರ್ಧ ತಮಿಳು ಕಲೆಸಿಯೇ ಅವಳ ಮಾತು.

“ಅಮ್ಮಾ, ಹಡಗು ಹತ್ತಿದ್ರಾ? ಇವರಿಗೆ ರಾತ್ರಿಯಿಂದ ಜ್ವರ ಅಮ್ಮಾ, ಒಡಂಬು ಪೂರಾ, ಮೈಯೆಲ್ಲ ನೋವು. ಬೇಡ ಅಂದ್ರೂ ಕೇಳದೆ ಮಂಡಿಗೆ ಹೋದ್ರು. ಮೊದಲಾಳಿ ಸಾಹುಕಾರ್ರು ಊರಲ್ಲಿಲ್ಲ, ಬೀಗ ತೆಗೀಬೇಕು ಅಂತ.”

“ಮನೇಲಿ ನಿಮ್ಮತ್ತೆ ಇದ್ದಾರೇನವ್ವ?”

“ಇದ್ದಾರಲ್ಲ. ಎಂಬತ್ತೆರಡು ಆಯ್ತು ಅವರಿಗೆ. ರಾತ್ರಿ ಇವರ ತಲೆ ಒತ್ತುತಾ ಕೂತಿದ್ರು.”

ಬಸವಣ್ಣೆಮ್ಮ ಕಣ್ಣು ಮುಚ್ಚಿಕೊಂಡಳು. ನಾಚಿಕೆಯಾಯಿತು ಅವಳಿಗೆ, ಗಂಡನ ಬದಲಿಗೆ. ಆ ಒಂದು ಕೆಲಸವನ್ನು ಏಕಾಂತಪ್ಪನವರು ಮದುವೆಯಾದ ದಿನದಿಂದ ಅವಳಿಗೇ ವಹಿಸಿದ್ದರು. ನಿನ್ನೆಯ ಟೆಸ್ಟಿನಲ್ಲಿ ಬಂದಿರುವುದು ಜಯರಾಮನ ಕೊರೊನಾ, ಈಗಲೇ ಅವನನ್ನು ಮನೆಗೆ ಕರೆಸು, ಅತ್ತೆಯನ್ನು ಬೇರೆ ಕೋಣೆಯಲ್ಲಿಡು, ಡಾಕ್ಟರಿಗೆ ತೋರಿಸು ಎಂದು ಬಿಡಿಸಿ ಬಿಡಿಸಿ ಹೇಳಿದಳು. ಸರಸ ಅಳಲಿಲ್ಲ, ಬೈಯಲಿಲ್ಲ. “ಸರಿ ಅಮ್ಮಾ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಸಾಲು ಮುಂದೆ ಹೋಗಿ ಇವರ ಸರದಿ ಬಂತು. ಮೇಜಿನ ಹಿಂದೆ ಒಬ್ಬಳು ಡಾಕ್ಟರು ಕೂತಿದ್ದಳು, ತೇಜಶ್ರೀಯ ವಯಸ್ಸು. ರಿಪೋರ್ಟು ನೋಡಿ, ಪಾಸಿಟಿವ್ ಇರುವವರ ಜೊತೆ ಅದೇ ಕೋಣೆಯವರೂ ಹೋಗುವಂತಿಲ್ಲ ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿದಳು. ಹಿಂದೆ ನಿಂತಿದ್ದ ಸಮಾಜದವರು ಪಾಸಿಟಿವ್ ಎಂಬ ಮಾತು ಕೇಳಿದ್ದೇ ಒಂದು ಮಾರು ಹಿಂದಕ್ಕೆ ಹೋದರು. ಏಕಾಂತಪ್ಪನವರು ಒಂದು ಸಲ ಕೆಮ್ಮಿದರು. ರೋಗಿಯ ಪಾತ್ರಕ್ಕೆ ಆಗಲೇ ಹೊಂದಿಕೊಂಡಿದ್ದರು.

“ಅದು ಇವರೋಡ ಮೂಕ್ಕು ಇಲ್ಲಮ್ಮ,” ಎಂದಳು ಬಸವಣ್ಣೆಮ್ಮ. “ಇವರು ಆಳನ್ನ ಕಳ್ಸಿ ಅವನ ಮೂಗು ಕೊಡ್ಸಿದ್ದಾರೆ.”

ಮೊದಲರ್ಧ ತಮಿಳು, ಉಳಿದರ್ಧ ಅವಸರದಲ್ಲಿ ಕನ್ನಡ. ತಮಿಳಿನ ಭಾಗ ಡಾಕ್ಟರಿಗೆ ತಿಳಿಯಿತು, ಕನ್ನಡದ ಭಾಗ ಹಿಂದಿನ ಹದಿನೆಂಟು ಜನಕ್ಕೆ ತಿಳಿಯಿತು. ಯಾರೋ ಮಾಸ್ಕಿನೊಳಗೆ ಕಿಸಕ್ಕೆಂದರು. ಏಕಾಂತಪ್ಪನವರ ಕೆಮ್ಮು ನಿಂತಿತು.

ಡಾಕ್ಟರು ಪೆನ್ನು ಕೆಳಗಿಟ್ಟು ಬಸವಣ್ಣೆಮ್ಮನನ್ನು ಒಂದೊಂದಾಗಿ ಕೇಳಿದಳು. ಹಾಗಾದರೆ ಮೂಗು ಯಾರದು? ಮಂಡಿಯ ಆಳಿನದು. ಆ ಆಳನ್ನು ನೀವು ನೋಡಿದ್ದು ಯಾವಾಗ? ಎರಡು ವಾರದ ಹಿಂದೆ. ನಿಮಗೆ ಜ್ವರ, ಕೆಮ್ಮು? ಇಲ್ಲ. ಆಮೇಲೆ ತೀರ್ಪು ಹೇಳಿದಳು: ಸುಳ್ಳು ಮೂಗು ಕೊಟ್ಟವರು ಹತ್ತುವ ಹಾಗಿಲ್ಲ, ರೋಗಿಯ ಜೊತೆ ಇದ್ದವರಾದ್ದರಿಂದ ಅವರು ಹೋಗಿ ತಮ್ಮ ಸ್ವಂತ ಮೂಗನ್ನು ಪರೀಕ್ಷೆ ಮಾಡಿಸಿಕೊಳ್ಳಲಿ. ಅಮ್ಮನವರಿಗೆ ಇಲ್ಲಿಯೇ ಇನ್ನೊಂದು ಟೆಸ್ಟು. ಅದೂ ನೆಗೆಟಿವ್ ಆದರೆ ಅವರು ಹೋಗಬಹುದು, ಒಬ್ಬರೇ.

“ಒಬ್ಬಳೇ ಹೆಂಗೆ ಹೋಗ್ತಾಳೆ?” ಎಂದರು ಏಕಾಂತಪ್ಪನವರು.

ಬಸವಣ್ಣೆಮ್ಮ ಆಗಲೇ ಕುರ್ಚಿಯಲ್ಲಿ ಕೂತು ಮಾಸ್ಕು ಇಳಿಸಿ ಮುಖ ಎತ್ತಿದ್ದಳು. ಕಡ್ಡಿ ಒಳಗೆ ಹೋಯಿತು, ಕಣ್ಣಲ್ಲಿ ನೀರು ಬಂತು. ಹದಿನೈದು ನಿಮಿಷ ಒಂದೇ ಕಡೆ ಕೂತು ಟೆಸ್ಟಿನ ಪುಟ್ಟ ಬಿಲ್ಲೆಯನ್ನು ನೋಡಿದಳು. ಒಂದೇ ಗೆರೆ ಬಿತ್ತು, ನೆಗೆಟಿವ್.

ಎದ್ದವಳು ರೊಟ್ಟಿಯ ಚೀಲವನ್ನು ಗಂಡನ ಕೈಗೆ ಕೊಟ್ಟಳು.

“ಇದನ್ನ ಜಯರಾಮನ ಮನೀಗೆ ಕೊಟ್ಟು ಬರ್ರಿ. ಬಾಗಿಲಾಚೆ ನಿಂತು, ನನ್ನಿಂದ ತಪ್ಪಾತು ಅಂತ ನಿಮ್ಮ ಬಾಯಿಲೇ ಹೇಳ್ರಿ. ನಿಮ್ಮ ಅಣ್ಣನ ಮಣ್ಣಿಗೆ ಹೋಗಿದ್ದೋನು ಅವನು. ಅವನ ಮನೆ ಬಾಗಿಲಿಗಾದ್ರೂ ನೀವೇ ಹೋಗ್ರಿ.”

“ಆತು ಬಿಡು,” ಎಂದರು ಏಕಾಂತಪ್ಪನವರು, ಸಮಾಜದವರ ಕಡೆ ನೋಡದೆ. ಬಿಳಿ ಬೂಟು ಟಪಟಪ ಎನ್ನುತ್ತಾ ಹೊರಗೆ ಹೋಯಿತು.

ಸಂಜೆ ಐದಕ್ಕೆ ಹಡಗು ಅಲುಗಿತು. ಬಸವಣ್ಣೆಮ್ಮ ಮೇಲಿನ ಅಂತಸ್ತಿನ ಕಂಬಿ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಸಮಾಜದ ಗೆಳತಿ ಜಯಲಕ್ಷ್ಮೀ. ದಡ ದೂರವಾದಂತೆ ರಾಯಪುರಂ ಒಟ್ಟಾಗಿ ಕಾಣತೊಡಗಿತು: ಕ್ರೇನುಗಳು, ಮೀನಿನ ದೋಣಿಗಳು, ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಕಟ್ಟಡಗಳು. ಹುಡುಕಿ ಹುಡುಕಿ, ಒಂದು ಮಹಡಿಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಕಂಡಳು. ಒಣ ಹಾಕಿದ ಮೆಣಸಿನಕಾಯಿ ಇರಬೇಕು. ಅಲ್ಲಿ ಯಾರು ನಿಂತಿದ್ದರೂ ಕಾಣುವ ಹಾಗಿರಲಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ವರ್ಷ ಗಂಡನಿಗೆ ಹೆದರಿಕೊಂಡಿದ್ದೆನೇ ಎಂದು ಅವಳಿಗೆ ನಗು ಬಂತು.

ಸಿಗ್ನಲ್ ಇರುವಾಗಲೇ ಸರಸಳಿಗೆ ಫೋನು ಮಾಡಿದಳು. ಜಯರಾಮ ಮನೆಗೆ ಬಂದು ಮಲಗಿದ್ದ. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಅತ್ತೆ ಪಕ್ಕದ ಮನೆಯ ಖಾಲಿ ಕೋಣೆಯಲ್ಲಿದ್ದರು, ಸದ್ಯಕ್ಕೆ ಏನೂ ಇಲ್ಲ.

“ಸಾಹುಕಾರ್ರು ಬಂದಿದ್ರೇನವ್ವ?”

“ರೊಟ್ಟಿ ಚೀಲ ಬಂತು ಅಮ್ಮಾ. ಒಬ್ಬ ಆಟೋಕಾರ ತಂದುಕೊಟ್ಟ. ಮೊದಲಾಳಿ ಕ್ಷೇಮ ಕೇಳಿದ್ರು ಅಂತ ಹೇಳು ಅಂದ್ರಂತೆ.”

ಬಸವಣ್ಣೆಮ್ಮ ಫೋನು ಇಟ್ಟಳು. ಕೆಂಪು ಬೊಟ್ಟು ಇದ್ದ ಕಡೆ ಮತ್ತೆ ನೋಡಿದಳು. ಅದು ಅಳಿಸಿಹೋಗಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗಂಡನ ಹೆಸರು, ಗಂಡನ ಫೋಟೋ, ಹಣೆಯ ಮೇಲೆ ಮೂರು ಗೆರೆ ವಿಭೂತಿ.

ಅವಳು ಅದನ್ನು ಜಯಲಕ್ಷ್ಮೀಯ ಕೈಗೆ ಕೊಟ್ಟಳು.

“ನನ್ ಬದ್ಲಿಗೆ ನೀನೇ ಮಾತಾಡವ್ವ,” ಎಂದಳು. “ಅವರಿಗೇನೂ ಗೊತ್ತಾಗಲ್ಲ.”